ಪ್ರಸಂಗಪೀಠಕ್ಕೂ ಮೊದಲು ಬಚ್ಚಲುಮನೆ

ಬೋಧಕರಾಗಬೇಕೆಂದು ನಮ್ಮ ಸಭೆಗಳಿಂದ ಮುಂದೆ ಬರುವ ಹುಡುಗ ಹುಡುಗಿಯರನ್ನು ದೇವಶಾಸ್ತ್ರದ ಕಾಲೇಜಿಗೆ ಸೇರಿಸುವ ಮೊದಲು ಒಂದು ವರ್ಷ ಭಾಷೆ ಬಾರದ ಊರಿಗೆ ಕಳಿಸಬೇಕು. ಪ್ರಸಂಗ ಮಾಡಲಿಕ್ಕಲ್ಲ, ಮುಪ್ಪಾದವರ, ಹಾಸಿಗೆ ಹಿಡಿದವರ ಮೈ ತೊಳೆಯಲಿಕ್ಕೆ. ಈ ಮಾತನ್ನು ನಮ್ಮ ಸಭೆಯ ಹಿರಿಯರ ಮುಂದೆ ಆಡಿದಾಗ ಕೆಲವರು ತಲೆದೂಗಿದರು, ಕೆಲವರು ಮುಖ ತಿರುಗಿಸಿದರು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಬೆಟಗೇರಿಯವಳು. ನಮ್ಮೂರಿನಲ್ಲಿ ಬಾಸೆಲ್ ಮಿಷನ್ನಿನವರು ಕಟ್ಟಿದ ದವಾಖಾನೆಗೆ ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಲೇ ಅನ್ನುತ್ತಾರೆ. ಅವ್ವ ಹುಟ್ಟಿದ್ದು ಅಲ್ಲಿ, ನಾನು ಹುಟ್ಟಿದ್ದೂ ಅಲ್ಲೇ. ಡಿಗ್ರಿ ಮುಗಿದ ಮೇಲೆ, ಜರ್ಮನಿಯ ಸಭೆಗಳು ನಮ್ಮಂಥ ದೇಶಗಳ ಸಭೆಗಳ ಜೊತೆ ಸೇರಿ ನಡೆಸುವ ಯುವಸೇವೆಗೆ ಆಯ್ಕೆಯಾಗಿ ವುರ್ಟೆಂಬರ್ಗ್ ಸೀಮೆಯ ಒಂದು ವೃದ್ಧಾಶ್ರಮಕ್ಕೆ ಹೋದೆ. 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಲ್ಲಿಸಿದಾಗ ಜರ್ಮನ್ ಸರ್ಕಾರ ಶುರು ಮಾಡಿದ ಸ್ವಯಂಸೇವೆಯ ವ್ಯವಸ್ಥೆಯಲ್ಲಿ ನನ್ನಂಥವರಿಗೆ ಜಾಗ ಸಿಗುತ್ತದೆ. ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ದುಡ್ಡು.

ಮಿಷನರಿ ಎಂದಕೂಡಲೇ ಬಹಳ ಮಂದಿಗೆ ಮತಾಂತರ ನೆನಪಾಗುತ್ತದೆ. ಗದಗಿನಲ್ಲಿ ರೈಲು ಹತ್ತುವಾಗ ನಮ್ಮ ಓಣಿಯವರೊಬ್ಬರು ಅದನ್ನೇ ಕೇಳಿದ್ದರು. ನಾನು ಹೋದ ಕಡೆ ಬದಲಾಯಿಸಬೇಕಾದವರು ಯಾರೂ ಇರಲಿಲ್ಲ. ನಮಗೆ ಬೈಬಲ್ ತಂದುಕೊಟ್ಟವರ ಮೊಮ್ಮಕ್ಕಳು, ಮರಿಮಕ್ಕಳು ಈಗ ತಾವಾಗಿಯೇ ಚರ್ಚಿನಿಂದ ಹೊರಗೆ ಹೋಗುತ್ತಿದ್ದಾರೆ. ಆ ರಾಜ್ಯದಲ್ಲಿ ಸಭೆಯ ಸದಸ್ಯರು ತಮ್ಮ ಆದಾಯ ತೆರಿಗೆಯ ಮೇಲೆ ಇನ್ನೂ ಶೇಕಡ 8ರಷ್ಟು ಚರ್ಚಿನ ತೆರಿಗೆ ಕಟ್ಟಬೇಕು. ಬೇಡವಾದವರು ಜನನ ಮರಣ ನೋಂದಣಿಯ ಕಚೇರಿಗೆ ಹೋಗಿ ಸಭೆ ಬಿಟ್ಟೆ ಎಂದು ಬರೆಸಿ ಬರುತ್ತಾರೆ. 2022ರ ಹೊತ್ತಿಗೆ ಎರಡು ದೊಡ್ಡ ಸಭೆಗಳ, ಅಂದರೆ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಭೆಗಳ ಸದಸ್ಯರನ್ನು ಕೂಡಿಸಿದರೂ ದೇಶದ ಅರ್ಧ ಜನಸಂಖ್ಯೆ ಆಗುತ್ತಿರಲಿಲ್ಲ. ಭಾನುವಾರದ ಆರಾಧನೆಯಲ್ಲಿ ನನ್ನ ವಯಸ್ಸಿನವಳು ಬಹುಸಲ ನಾನೊಬ್ಬಳೇ.

ಬೆಳಗಿನ ಪಾಳಿ ಆರಕ್ಕೆ ಶುರು. ಚಳಿಗಾಲದಲ್ಲಿ ಆ ಹೊತ್ತಿಗೆ ಕಗ್ಗತ್ತಲು. ಕೋಣೆ ಬಿಡುವ ಮೊದಲು ದಿನದ ವಚನ ಓದುತ್ತಿದ್ದೆ. ಹೆರ್ನ್‌ಹೂಟ್ ಎಂಬ ಊರಿನ ಭಕ್ತರು 1731ರಿಂದ ಪ್ರತಿ ವರ್ಷ ತಪ್ಪದೆ ಪ್ರಕಟಿಸುತ್ತ ಬಂದಿರುವ ಚಿಕ್ಕ ಪುಸ್ತಕವದು. ದಿನಕ್ಕೊಂದು ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ. ಜರ್ಮನ್‌ನಲ್ಲಿ ಅರ್ಧ ತಿಳಿದದ್ದನ್ನು ಕನ್ನಡ ಬೈಬಲ್ ತೆಗೆದು ಪೂರ್ತಿ ಮಾಡಿಕೊಳ್ಳುತ್ತಿದ್ದೆ. ಆಮೇಲೆ ಇಡೀ ದಿನ ಕನ್ನಡವಿಲ್ಲ.

ಮೈ ತೊಳೆಯುವುದನ್ನು ನನಗೆ ಕಲಿಸಿದವರು ಬೋಸ್ನಿಯಾದಿಂದ ಬಂದು ನೆಲೆಸಿದ ಮುಸ್ಲಿಂ ನರ್ಸ್ ಒಬ್ಬರು. ಕದ ತಟ್ಟಿ ಒಳಗೆ ಹೋಗಬೇಕು, ಅವರು ನಿದ್ದೆಯಲ್ಲಿದ್ದರೂ. ಹೆಸರು ಹಿಡಿದು, ಬಹುವಚನದಲ್ಲೇ ಮಾತನಾಡಿಸಬೇಕು. ನೀರಿಗೆ ಮೊದಲು ಅವರ ಕೈಯನ್ನೇ ಅದ್ದಿಸಿ ಬಿಸಿ ಸಾಕೇ ಎಂದು ಕೇಳಬೇಕು. ಮುಖಕ್ಕೆ ಸೋಪು ಬೇಡ, ಬರೀ ನೀರು. ಮುಖದ ಬಟ್ಟೆ ಬೇರೆ, ಕೆಳಗಿನ ಬಟ್ಟೆ ಬೇರೆ. ತೊಳೆಯುವ ಭಾಗವನ್ನಷ್ಟೇ ತೆರೆದು ಉಳಿದ ಮೈಯನ್ನು ಟವೆಲಿನಿಂದ ಮುಚ್ಚಿರಬೇಕು. ಬೆರಳ ಸಂದು, ಎದೆಯ ಕೆಳಗಿನ ಮಡಿಕೆ ಒದ್ದೆ ಉಳಿಯಬಾರದು, ಅಲ್ಲಿ ಚರ್ಮ ಒಡೆಯುತ್ತದೆ. ಕಾಲು ಬಾಯುವವರಿಗೆ ಹಾಕುವ ಬಿಗಿ ಕಾಲುಚೀಲವನ್ನು ಅವರು ಮಂಚದಿಂದ ಕಾಲು ಇಳಿಬಿಡುವ ಮುಂಚೆಯೇ ಏರಿಸಬೇಕು; ತಡವಾದರೆ ನೀರು ಕೆಳಗಿಳಿದು ಕಾಲು ಊದಿಕೊಳ್ಳುತ್ತದೆ. ಉಣಿಸುವಾಗ ನಿಂತು ಉಣಿಸಬಾರದು, ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಈ ಒಂದೊಂದರಲ್ಲೂ ಎದುರಿಗಿರುವವರು ಮನುಷ್ಯರು ಎಂಬ ನಂಬಿಕೆ ಇದೆ. ಭಾನುವಾರ ಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ ಯಾವ ವಚನಕ್ಕೂ ಇದು ಕಡಿಮೆಯದಲ್ಲ.

ಊರಲ್ಲಿ ನನಗೆ ಚೆನ್ನಾಗಿ ಪ್ರಾರ್ಥನೆ ಮಾಡುವವಳು ಎಂಬ ಹೆಸರಿತ್ತು. ಯುವಜನ ಕೂಟದಲ್ಲಿ ಮೈಕು ಕೊಟ್ಟರೆ ತಡೆಯಿಲ್ಲದೆ ಮಾತು ಬರುತ್ತಿತ್ತು. ಅಲ್ಲಿ ಮೊದಮೊದಲು ಎಣಿಸಿದಷ್ಟೇ ಮಾತು: ಶುಭೋದಯ, ನೋವಿದೆಯೇ, ಕಿಟಕಿ ತೆಗೆಯಲೇ. ದೇವರ ಬಗ್ಗೆ ಹೇಳಲು ಬಾಯಿಯೇ ಇರಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಗಿ ರಾತ್ರಿ ಅತ್ತಿದ್ದೂ ಇದೆ. ನಿಧಾನಕ್ಕೆ, ಪಾಳಿಯ ಪಟ್ಟಿಯಲ್ಲಿರುವ ಹೆಸರುಗಳನ್ನೇ ಒಂದೊಂದಾಗಿ ದೇವರ ಮುಂದೆ ಹೇಳುವುದು ನನ್ನ ಪ್ರಾರ್ಥನೆಯಾಯಿತು. ಯಾರ ಬೆನ್ನಲ್ಲಿ ಹುಣ್ಣು, ಯಾರು ನಿನ್ನೆ ನೀರು ಕುಡಿಯಲಿಲ್ಲ, ಯಾರ ಮಗ ಬರುತ್ತೇನೆಂದು ಬರಲಿಲ್ಲ. ದೇವರಿಗೆ ಭಾಷಣ ಬೇಕಿಲ್ಲ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ; ಅದು ಮೈಗೆ ಹತ್ತಿದ್ದು ಆ ಕಾರಿಡಾರಿನಲ್ಲಿ.

ನವೆಂಬರಿನಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರು ತೀರಿಕೊಂಡರು. ನನ್ನ ಜೊತೆ ಕೆಲಸಕ್ಕಿದ್ದ ಸಹಾಯಕಿ ಹುಡುಗಿ, ಸಭೆಯಿಂದ ಹೆಸರು ತೆಗೆಸಿಕೊಂಡವಳು, ಮೊದಲು ಕಿಟಕಿ ತೆರೆದಳು. ಆಮೇಲೆ ಇಬ್ಬರೂ ಸೇರಿ ಅಜ್ಜಿಯ ಮೈ ತೊಳೆದೆವು. ಜೀವವಿದ್ದಾಗ ಹೇಗೋ ಹಾಗೆಯೇ ಆಕೆ ಪ್ರತಿ ಸಲ ಹೇಳಿ ಮುಟ್ಟುತ್ತಿದ್ದಳು: ಈಗ ಎಡಗೈ ಎತ್ತುತ್ತೇನೆ, ಈಗ ಮಗ್ಗುಲಿಗೆ ತಿರುಗಿಸುತ್ತೇನೆ. ನಾನು ಬದುಕಿನಲ್ಲಿ ಕಂಡ ಅತಿ ದೊಡ್ಡ ಆರಾಧನೆ ಅದು, ಬಿಂಕವಿಲ್ಲದೆ ಹೇಳುತ್ತೇನೆ. ಆಡ್ವೆಂಟಿಗೆ ಮುಂಚಿನ ಭಾನುವಾರ ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಚರ್ಚಿನಲ್ಲಿ ಓದುವ ರೂಢಿಯಿದೆ. ಅಜ್ಜಿಯ ಹೆಸರು ಬಂದಾಗ ಮುಂದಿನ ಸಾಲಿನಲ್ಲಿ ಆ ಹುಡುಗಿಯೂ ಕೂತಿದ್ದಳು.

ನಾನಿದ್ದ ಊರಿನಿಂದ ಟ್ಯೂಬಿಂಗೆನ್‌ಗೆ ರೈಲಿದೆ. ನಮ್ಮ ಕಿಟೆಲ್ 1903ರಲ್ಲಿ ತೀರಿಕೊಂಡ ಊರು. ಬಾಸೆಲ್ ಮಿಷನ್ನಿಂದ 1853ರಲ್ಲಿ ಬಂದಾಗ ಕಿಟೆಲ್‌ಗೆ ಇಪ್ಪತ್ತೊಂದು; 1836ರಲ್ಲಿ ಮಂಗಳೂರಿಗೆ ಬಂದ ಮೊಗ್ಲಿಂಗ್‌ಗೆ ಇಪ್ಪತ್ತೈದು. ಇಬ್ಬರೂ ಬೋಧಿಸಲೆಂದೇ ಬಂದವರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕರ್ನಾಟಕ ಅವರನ್ನು ನೆನೆಯುವುದು ಅವರು ಕೇಳಿಸಿಕೊಂಡದ್ದಕ್ಕಾಗಿ. ಯೇಸುವಿನ ಸುವಾರ್ತೆ ಹೊತ್ತು ಬಂದ ಮೊಗ್ಲಿಂಗ್ ಬಸವಪುರಾಣವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಹಾಕಿಸಿದರು. ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಅದೇ ದಾರಿಯಲ್ಲಿ ತಿರುಗಿ ಹೋದ ನಮ್ಮವರೊಬ್ಬರಿದ್ದಾರೆ, ಅವರ ಹೆಸರು ಸಭೆಯವರಿಗೂ ಮರೆತುಹೋಗುತ್ತಿದೆ. ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1846ರಲ್ಲಿ ಮೊಗ್ಲಿಂಗ್ ಜೊತೆ ಯುರೋಪಿಗೆ ಹೋಗಿ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಮರಳಿದರು. ಇಪ್ಪತ್ತರ ಆಸುಪಾಸಿನ ಆ ಯುವಕ ಅಲ್ಲಿನ ಚಳಿಯಲ್ಲಿ, ಅಲ್ಲಿನ ಊಟದಲ್ಲಿ, ಹೊಸ ಭಾಷೆಯಲ್ಲಿ ಹೇಗೆ ದಿನ ದೂಡಿದನೋ ಎಂದು ನಾನು ಪಾತ್ರೆ ತೊಳೆಯುತ್ತ ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನ ಸಲಹೆಗೆ ಬರುವ ದೊಡ್ಡ ಆಕ್ಷೇಪ ದೊಡ್ಡವ್ವನದು. “ಡಿಗ್ರಿ ಓದಿದ ಹುಡಿಗಿ ಮಂದಿ ಹೊಲಸು ತಗಿಯೂ ಸಲುವಾಗಿ ಅಷ್ಟು ದೂರ ಹೋಗಬೇಕೇನು?” ಎಂದು ಆಕೆ ಫೋನಿನಲ್ಲಿ ಅತ್ತಳು. ಆಕೆಯ ಅಳು ಪ್ರೀತಿಯದು, ಮಾತು ಮಾತ್ರ ಈ ನೆಲದ ಹಳೆಯ ರೋಗದ್ದು. ಹೊಲಸು ತೆಗೆಯುವ ಕೆಲಸವನ್ನು ನಾವು ಹುಟ್ಟಿಗೆ ಕಟ್ಟಿಹಾಕಿದ್ದೇವೆ, ಕ್ರೈಸ್ತರಾದ ಮೇಲೂ ಆ ಗಂಟು ಬಿಚ್ಚಿಲ್ಲ. ಶಿಷ್ಯರ ಕಾಲು ತೊಳೆದ ಗುರುವಿನ ಬಗ್ಗೆ ವರ್ಷವರ್ಷವೂ ಪ್ರಸಂಗ ಮಾಡುವವರು ಸ್ವಂತ ತಂದೆ ಹಾಸಿಗೆ ಹಿಡಿದಾಗ ಕೂಲಿಗೆ ಜನ ಹುಡುಕುವುದನ್ನು ನೋಡಿದ್ದೇನೆ. ಅಂಥ ಕೆಲಸಕ್ಕೆ ಒಮ್ಮೆಯೂ ಕೈ ಹಾಕದವರು ಸಮಾನತೆಯ ಬಗ್ಗೆ ಆಡುವ ಮಾತಿಗೆ ನಾನು ಬೆಲೆ ಕೊಡಲಾರೆ.

ಇನ್ನೊಂದು ಆಕ್ಷೇಪ ನ್ಯಾಯವಾದದ್ದು: ಜರ್ಮನಿಯಲ್ಲಿ ನರ್ಸ್‌ಗಳ ಕೊರತೆಯಿದೆ, ನಮ್ಮ ಮಕ್ಕಳು ಅಲ್ಲಿ ಅಗ್ಗದ ಕೂಲಿಗಳಾಗುತ್ತಾರೆ. ಸ್ವಯಂಸೇವಕರು ಕಾಯಂ ನೌಕರರ ಜಾಗ ತುಂಬಬಾರದು ಎಂಬುದೇ ಅಲ್ಲಿನ ನಿಯಮ. ಜ್ವರದ ಸುಗ್ಗಿಯಲ್ಲಿ, ಅರ್ಧ ಜನ ರಜೆ ಹಾಕಿದಾಗ ಅದು ಕಾಗದದಲ್ಲೇ ಉಳಿದದ್ದನ್ನು ಕಂಡಿದ್ದೇನೆ. ಕಳಿಸುವ ಸಭೆಗಳು ಇದನ್ನು ಒಪ್ಪಂದದಲ್ಲೇ ಬರೆಸಿ ವಿಚಾರಿಸುತ್ತಿರಬೇಕು. ಬರೀ ಫೋಟೊ ತರಿಸಿಕೊಂಡು ಸಭಾಪತ್ರಿಕೆಯಲ್ಲಿ ಹಾಕಿದರೆ ಸಾಲದು.

ಹೋಗುವುದು ಜರ್ಮನಿಗೇ ಆಗಬೇಕೆಂದೂ ಇಲ್ಲ. 1993ರಲ್ಲಿ ಶುರುವಾದ ಕೋಳಿಕ್ಕೋಡಿನ ನೋವುಶಮನ ಸೇವೆ ಇವತ್ತು ಕೇರಳದ ಹಳ್ಳಿಹಳ್ಳಿಗೆ ಹಬ್ಬಿದೆ. ಅಲ್ಲಿ ಊರ ಜನರೇ ಸ್ವಯಂಸೇವಕರಾಗಿ ಮನೆಮನೆಗೆ ಹೋಗುತ್ತಾರೆ. ಹುಬ್ಬಳ್ಳಿಯ ಹುಡುಗನಿಗೆ ಮಲಯಾಳವೂ ಬಾರದ ಭಾಷೆಯೇ. ತನ್ನ ಮನೆತನ, ತನ್ನ ಮಾತಿನ ಚಾತುರ್ಯ ಯಾವುದೂ ನಡೆಯದ ಕಡೆ ಹೋಗುವುದು ಮುಖ್ಯ. ವೀಸಾ ಇಲ್ಲ, ವಿಮಾನದ ಖರ್ಚಿಲ್ಲ.

ಮುಂದಿನ ವಾರ್ಷಿಕ ಸಭೆಗೆ ನಾನು ಒಂದು ಠರಾವು ಬರೆದುಕೊಟ್ಟಿದ್ದೇನೆ. ದೇವಶಾಸ್ತ್ರದ ಓದಿಗೆ ಅರ್ಜಿ ಹಾಕುವವರು ಸಭಾಪಾಲಕರ ಶಿಫಾರಸು ಪತ್ರದ ಜೊತೆ, ತಾವು ದುಡಿದ ವಾರ್ಡಿನ ನರ್ಸ್ ಒಬ್ಬರ ಪತ್ರವನ್ನೂ ತರಬೇಕು. ಆ ನರ್ಸ್ ಯಾವ ಧರ್ಮದವರಾದರೂ ಸರಿ, ಯಾವುದನ್ನೂ ನಂಬದವರಾದರೂ ಸರಿ. ಅನುಮೋದಿಸಲು ಹಿರಿಯರೊಬ್ಬರು ಒಪ್ಪಿದ್ದಾರೆ. ಖರ್ಚು ಯಾರದು ಎಂದು ಖಜಾಂಚಿಗಳು ಕೇಳಿದ್ದಾರೆ. ವರ್ಷಕ್ಕೊಮ್ಮೆ ಹಾಕುವ ಕನ್ವೆನ್ಶನ್ನಿನ ಶಾಮಿಯಾನ, ಧ್ವನಿವರ್ಧಕಗಳ ಬಾಡಿಗೆಯಲ್ಲಿ ಅರ್ಧ ಉಳಿಸಿದರೆ ಇಬ್ಬರನ್ನು ಕೋಳಿಕ್ಕೋಡಿಗೆ ಕಳಿಸಬಹುದೆಂದು ಲೆಕ್ಕ ಬರೆದು ಅವರ ಕೈಗೆ ಕೊಟ್ಟಿದ್ದೇನೆ.