ವಿಮಾನ ನಿಲ್ದಾಣಕ್ಕೆ ಕಲ್ಲು ಹೊತ್ತವರು ಯಾರು?

ರಶಿಯಾದಲ್ಲಿ ಕೆಲವು ಜನ ಒಂದು ವಿಚಿತ್ರ ಶೋಧನೆಗೆ ತೊಡಗಿದ್ದಾರೆ. 1941ರಿಂದ 1945ರ ವರೆಗೆ ಹಿಟ್ಲರನ ಸೈನ್ಯದೊಡನೆ ನಡೆದ ಯುದ್ಧದಲ್ಲಿ ಸೋವಿಯತ್ ವಿಮಾನಗಳು ಏರಿ ಇಳಿದ ಬಯಲುಗಳನ್ನು ಅವರು ಹುಡುಕುತ್ತಾರೆ. ಅವುಗಳಲ್ಲಿ ಬಹಳಷ್ಟು ಬರೀ ಮಣ್ಣಿನ ಬಯಲುಗಳು. ರಣರಂಗ ಸರಿದಂತೆಲ್ಲ ಸೈನಿಕರೂ ಹಳ್ಳಿಯ ಹೆಂಗಸರೂ ಕೂಡಿ ಸಮ ಮಾಡಿದವು. ಯುದ್ಧ ಮುಗಿಯಿತು, ನೇಗಿಲು ಹೂಡಿದರು, ಗುರುತು ಅಳಿಯಿತು. ಈಗ ಸೈನ್ಯದ ಹಳೆಯ ದಫ್ತರಗಳನ್ನು, ಶತ್ರುಗಳಾದ ಜರ್ಮನರೇ ಆಕಾಶದಿಂದ ತೆಗೆದ ಫೋಟೋಗಳೊಡನೆ ತಾಳೆ ನೋಡಿ ಜಾಗ ಪತ್ತೆ ಹಚ್ಚುತ್ತಾರೆ. ಆ ಫೋಟೋಗಳು ಇರುವುದು ಅಮೇರಿಕದ ಸರಕಾರಿ ದಫ್ತರಖಾನೆಯಲ್ಲಿ!

ಹುಲಕೋಟಿಯ ಗಿರಣಿ ಕೆಲಸಗಾರನಿಗೆ ಇದರಿಂದ ಆಗಬೇಕಾದುದೇನು ಎಂದು ಕೇಳುವಿರಿ. ನಮ್ಮ ಮುಂಬಯಿ ಕರ್ನಾಟಕದಲ್ಲಿಯೂ ಆ ಯುದ್ಧದ ನೆಲವಿದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ ಬ್ರಿಟಿಶ್ ವಾಯುದಳ ಕಟ್ಟಿಸಿದ್ದು. ಅದೇ ವರ್ಷ ಚಲೇಜಾವ್ ಚಳವಳಿ ಎದ್ದಿತು. ವಿಜಾಪುರದ ಕಡೆ ಬರಗಾಲ ಬಿದ್ದಿತು. ಮರುವರ್ಷ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವ ಗುಂಡಿಗೆ ಎದೆಗೊಟ್ಟರು. ಹೊಟ್ಟೆಗಿಲ್ಲದ ಕಾಲದಲ್ಲಿ ಸಾಮ್ರಾಜ್ಯದ ವಿಮಾನಗಳಿಗಾಗಿ ನೆಲ ಹದ ಮಾಡಿದ ಕೈಗಳು ಯಾರವು? ದಿನಗೂಲಿ ಎಷ್ಟಾಣೆ? ಗುತ್ತಿಗೆದಾರ ಎಷ್ಟು ನುಂಗಿದ? ಸಾಂಬ್ರಾದ ಹೆಸರು ಬಂದಲ್ಲೆಲ್ಲ ವಾಯುದಳದ ಹೆಸರು ಬರುತ್ತದೆ, ಕೂಲಿಕಾರನ ಹೆಸರಿಲ್ಲ. ನಮ್ಮ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಹೆಸರು ಶತಮಾನ ದಾಟಿಯೂ ಉಳಿದಿದೆಯಲ್ಲ!

ಇದು ಬರೀ ಹೆಸರಿನ ಮಾತಲ್ಲ, ನೆಲದ ಮಾತು. 1939ರ ಭಾರತ ರಕ್ಷಣಾ ಕಾಯಿದೆಯ ಬಲದಿಂದ ಸರಕಾರ ಯುದ್ಧಕ್ಕೆಂದು ಯಾರ ಹೊಲವನ್ನಾದರೂ ವಶಪಡಿಸಿಕೊಳ್ಳಬಹುದಾಗಿತ್ತು. ಯುದ್ಧ ಮುಗಿದರೂ ಅಧಿಕಾರ ಮುಗಿಯಲಿಲ್ಲ. 1947ರಲ್ಲಿ ಮುಂದುವರಿಸಿದರು, 1952ರಲ್ಲಿ ಹೊಸ ಕಾಯಿದೆಯನ್ನೇ ತಂದರು. ಮರೆತ ನೆಲದ ಗತಿ ಪಂಜಾಬದಲ್ಲಿ ನೋಡಿರಿ: ಫಿರೋಜಪುರದ ಫತ್ತೂವಾಲಾದಲ್ಲಿ 1945ರಲ್ಲಿ ಸರಕಾರ ಪಡೆದ ವಿಮಾನಪಟ್ಟಿಯನ್ನು 1997ರಲ್ಲಿ ಖೊಟ್ಟಿ ಕಾಗದ ಮಾಡಿ ಮಾರಿದರೆಂದು 2025ರಲ್ಲಿ ಮೊಕದ್ದಮೆ ದಾಖಲಾಯಿತು. ಮೂರು ಯುದ್ಧಗಳಲ್ಲಿ ಉಪಯೋಗಿಸಿದ ಪಟ್ಟಿ ಅದು! ಕಳ್ಳರು ದಫ್ತರ ಓದಿದ್ದರು, ಸರಕಾರ ಓದಿರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಯುದ್ಧಕಾಲದಲ್ಲಿ ವಶಪಡಿಸಿಕೊಂಡ ಜಮೀನುಗಳ ಸರ್ವೆ ನಂಬರು, ಅಂದಿನ ಒಡೆಯನ ಹೆಸರು, ಕೊಟ್ಟ ಪರಿಹಾರ, ಇವನ್ನು ಜಿಲ್ಲಾಧಿಕಾರಿಗಳು ಊರ ಚಾವಡಿಯಲ್ಲಿ ಹಚ್ಚಲಿ. ವ್ಯಾಪಾರಿ ಬಂಧುಗಳಲ್ಲಿಯೂ ಒಂದು ಮಾತು: ಅಜ್ಜನ ಕಾಲದ ಕಿರ್ದಿ, ಖತಾವಣಿಗಳನ್ನು ರದ್ದಿಗೆ ಹಾಕಬೇಡಿರಿ. ಯುದ್ಧದ ಗುತ್ತಿಗೆದಾರನಿಗೆ ಜೋಳ, ಬೆಲ್ಲ, ಹಗ್ಗ ಕೊಟ್ಟ ಲೆಕ್ಕ ಅದರಲ್ಲಿ ಸಿಕ್ಕರೆ ಪುಟದ ನಕಲು ನಮಗೆ ಕಳಿಸಿರಿ, ಅಚ್ಚು ಹಾಕುತ್ತೇವೆ.