ಕರೆದಾಖಲೆ: ಕಂಪನಿಗಳ ಹೊಣೆ

ಯಾದಗಿರಿಯ ಪಿಂಚಣಿದಾರನನ್ನಾಗಲಿ, ಶಹಾಪುರದ ಹತ್ತಿಯ ವರ್ತಕನನ್ನಾಗಲಿ, ಸುರಪುರದ ಉಪಾಧ್ಯಾಯನನ್ನಾಗಲಿ ದೋಚುವವನು ಇಂದು ಗೋಡೆಗೆ ಕನ್ನ ಕೊರೆಯಬೇಕಾಗಿಲ್ಲ. ದೂರವಾಣಿಯಲ್ಲಿ ನಯವಾಗಿ ಮಾತನಾಡಿಯೇ ಹಣವನ್ನೊಯ್ಯಬಲ್ಲನು. ಅನೇಕ ವೇಳೆ ಅವನ ಬೆನ್ನಿಗೆ ಒಂದು ಕೂಟವೇ ಇರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಇಂಥ ಕೂಟಗಳ ಸೈಬರ್ ಅಪರಾಧವನ್ನು ಸಂಘಟಿತ ಅಪರಾಧಗಳಲ್ಲಿ ಸೇರಿಸಿದೆ.

ಕಳ್ಳನ ಹೆಜ್ಜೆಗುರುತು ಉಳಿಯುವುದು ದೂರವಾಣಿ ಹಾಗೂ ಅಂತರಜಾಲ ಕಂಪನಿಗಳ ದಾಖಲೆಗಳಲ್ಲಿ. ಕೇಂದ್ರ ಸರ್ಕಾರದವರು 2021ರ ಡಿಸೆಂಬರಿನಲ್ಲಿ ತಿದ್ದಿದ ಲೈಸೆನ್ಸಿನ ಷರತ್ತಿನಂತೆ ಅವುಗಳನ್ನು ಎರಡು ವರ್ಷವಾದರೂ ಕಾದಿಡತಕ್ಕದ್ದು. ಆದರೆ ನಮ್ಮಲ್ಲಿ ಮೊಕದ್ದಮೆಗಳು ಎರಡು ವರ್ಷದೊಳಗೆ ಮುಗಿಯುವುದುಂಟೆ? ತನಿಖೆಯಲ್ಲಿ ಕರೆದಾಖಲೆಯನ್ನು ವಶಪಡಿಸಿಕೊಂಡಾಗ ಆ ಅವಧಿಯ ದಾಖಲೆಗಳನ್ನು ಕಂಪನಿಗಳು ಬೇರ್ಪಡಿಸಿ ಭದ್ರವಾಗಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜುಲೈ ತಿಂಗಳಲ್ಲಿಯೇ ವಿಧಿಸಿದೆ.

ಹಾಗೆಂದು, ಪೋಲೀಸಿನವರು ಕೇಳಿದೊಡನೆ ಪ್ರಜೆಯ ಮಾತಿಗೆ ಕಿವಿಯಿಡಲು ಕಂಪನಿಗಳು ಎಡೆಗೊಡಬೇಕೆಂದು ನಾವು ಹೇಳುವುದಿಲ್ಲ. ಕರೆದಾಖಲೆ ಬೇರೆ, ಸಂಭಾಷಣೆ ಬೇರೆ. ಸಂಭಾಷಣೆಯನ್ನು ಆಲಿಸಲು ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆಜ್ಞೆ ಬೇಕೆಂದು 1996ರಲ್ಲಿ ಅದೇ ನ್ಯಾಯಾಲಯವು ತೀರ್ಮಾನಿಸಿತು. ಕಾಯಿದೆಬದ್ಧವಾದ ಆಜ್ಞೆಯಿಲ್ಲದೆ ಒಪ್ಪಿಸುವುದು ಗ್ರಾಹಕನಿಗೆ ಬಗೆವ ದ್ರೋಹ. ಆಜ್ಞೆಯಿದ್ದೂ ತಡಮಾಡುವುದು ಕಳ್ಳನಿಗೆ ನೀಡುವ ನೆರವು.

ಆದುದರಿಂದ ಯಾದಗಿರಿ ಜಿಲ್ಲೆಯ ಪೋಲೀಸ್ ಅಧಿಕಾರಿಗಳು ದೂರು ಬಂದ ದಿನವೇ, ದಾಖಲೆಗಳನ್ನು ಕಾದಿರಿಸುವಂತೆ ಕಂಪನಿಗೆ ಬರೆಯಲಿ. ಕಂಪನಿಯವರೂ ನ್ಯಾಯಾಲಯವು ಅಪೇಕ್ಷಿಸುವ ಪ್ರಮಾಣಪತ್ರದೊಡನೆ ಅವುಗಳನ್ನು ಸಕಾಲದಲ್ಲಿ ಒಪ್ಪಿಸಲಿ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?