‘ಜಾತ್ರೆ ಬಣ್ಣ’ ಎನ್ನುವುದು ಬೈಗುಳವೇ?

ಕಳೆದ ಸಲದ ಗೋಡೆಪತ್ರಿಕೆಗೆ ಹಗರಿಬೊಮ್ಮನಹಳ್ಳಿ ಕಡೆಯ ತಾಂಡಾದಿಂದ ಬರುವ ಗೆಳತಿಯೊಬ್ಬಳು ಕೆಂಪು ಹಾಳೆಯ ಮೇಲೆ ಹಸಿರು ಅಕ್ಷರಗಳಲ್ಲಿ ಬರೆದು ತಂದಳು. ‘ಇದೇನೇ, ಜಾತ್ರೆ ಬಣ್ಣ!’ ಎಂದು ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅವಳು ಹಾಳೆ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ನಾವು ತಿಳಿನೀಲಿ, ಬೂದು ಬಣ್ಣದಲ್ಲಿ ಬೇರೆ ಬರೆದು ‘ಡೀಸೆಂಟ್’ ಎಂದುಕೊಂಡೆವು.

ನಮ್ಮ ಅಬ್ಬಾ ಕೊಟ್ಟೂರು, ಕೂಡ್ಲಿಗಿ ಸಂತೆಗಳಲ್ಲಿ ಬಳೆ ಮಾರುತ್ತಾರೆ. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಕನ್ನಡ. ಕೆಂಪು ಸೀರೆಯವರು ಬಂದರೆ ಅಬ್ಬಾನ ಕೈ ಮೊದಲು ಹೋಗುವುದು ಹಸಿರು ಗಾಜಿಗೆ. ಎರಡೂ ಬಣ್ಣದ ಬಳೆ ಬೇಕೆಂದರೆ ನಡುವೆ ಒಂದೊಂದು ಚಿನ್ನದ ಬಣ್ಣದ ಬಳೆ ಸೇರಿಸುತ್ತಾರೆ. ಯಾಕೆಂದು ಕೇಳಿದೆ. ‘ಇಲ್ಲದಿದ್ದರೆ ಎರಡೂ ಜಗಳ ಆಡುತ್ತವೆ’ ಎಂದರು.

ಬಣ್ಣದ ಚಕ್ರ ಹೇಳುವುದೂ ಇದನ್ನೇ. ಕೆಂಪು, ಹಳದಿ, ನೀಲಿ ಮೂಲ. ಎರಡೆರಡು ಬೆರೆತರೆ ಕಿತ್ತಳೆ, ಹಸಿರು, ನೇರಳೆ. ಚಕ್ರದಲ್ಲಿ ಕೆಂಪಿನ ಎದುರಿಗೆ ಹಸಿರು, ನೀಲಿಯ ಎದುರಿಗೆ ಕಿತ್ತಳೆ, ಹಳದಿಯ ಎದುರಿಗೆ ನೇರಳೆ. ಎದುರಿನವು ಪಕ್ಕಕ್ಕೆ ಬಂದರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲಿ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಅವರು ಪ್ಯಾರಿಸ್ಸಿನ ಒಂದು ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ದಾರ ಮಂಕು ಎಂದು ದೂರು ಬಂತು. ಪರೀಕ್ಷಿಸಿದರೆ ದಾರ ಚೆನ್ನಾಗಿಯೇ ಇತ್ತು. ಪಕ್ಕದ ನೀಲಿ, ನೇರಳೆ ದಾರಗಳಿಂದ ಹಾಗೆ ಕಾಣುತ್ತಿತ್ತು.

ಗೆಳತಿಯ ಅಕ್ಷರಗಳು ದೂರದಿಂದ ಓದಲು ಕಷ್ಟವಾಗಿದ್ದು ನಿಜ. ಕೆಂಪು, ಹಸಿರು ಎರಡೂ ಒಂದೇ ಗಾಢವಿದ್ದವು. ಆದರೆ ಅದಕ್ಕೆ ಮದ್ದು ಅಕ್ಷರದ ಸುತ್ತ ಒಂದು ಬಿಳಿ ಗೆರೆ. ಕೆಂಪು-ಹಸಿರಿನ ವ್ಯತ್ಯಾಸ ತಿಳಿಯದ ಕಣ್ಣಿನವರಿಗೂ ಆಗ ಓದಲು ಬರುತ್ತದೆ. ಲಂಬಾಣಿ ಕಸೂತಿ ನೋಡಿ: ಗಾಢ ಬಣ್ಣಗಳ ನಡುವೆ ಬಿಳಿ ದಾರ, ಕನ್ನಡಿ, ಕವಡೆ. ನಮ್ಮ ಪಕ್ಕದ ಸಂಡೂರಿನ ಆ ಕಸೂತಿಗೆ ಜಿಐ ಮಾನ್ಯತೆ ಇದೆ. ಅದೇ ಬಟ್ಟೆ ಬಸ್ಸಿನಲ್ಲಿ ಅಜ್ಜಿಯ ಮೈಮೇಲೆ ಕಂಡರೆ ಮುಸಿಮುಸಿ ನಗುತ್ತೇವೆ, ಅಂಗಡಿಯಲ್ಲಿ ತೂಗುಹಾಕಿದ್ದರೆ ರೇಟು ಕೇಳುತ್ತೇವೆ. ಕಾಮರ್ಸ್ ಓದುವ ನಮಗೆ ಈ ಲೆಕ್ಕ ಅರ್ಥವಾಗಬೇಕಿತ್ತು.

ಗೋಡೆಪತ್ರಿಕೆಗೆ ತಿಳಿಬಣ್ಣವೇ ಆಗಬೇಕೆಂದು ಯಾರೂ ನಿಯಮ ಬರೆದಿಲ್ಲ; ನಾವೇ ಮಾಡಿಕೊಂಡದ್ದು. ಅದನ್ನು ಬಿಡೋಣ. ಮುಂದಿನ ಸಂಚಿಕೆಯನ್ನು ಅವಳಿಗೇ ಕೊಡಬೇಕೆಂದು ಸಮಿತಿಯಲ್ಲಿ ಕೇಳಿದ್ದೇನೆ. ಅವಳ ಹತ್ತಿರ ಕ್ಷಮೆಯನ್ನೂ ಕೇಳಿದೆ. ಆ ಹಾಳೆಯನ್ನು ಅಷ್ಟರಲ್ಲೇ ಅಕೌಂಟೆನ್ಸಿ ಪುಸ್ತಕಕ್ಕೆ ರಟ್ಟು ಹಾಕಿಬಿಟ್ಟಿದ್ದಳು. ಬರೆದ ಬದಿ ಒಳಗಿತ್ತು.